ಜೀನ್ಸ್ ಯೂನಿಟ್ಟಿನ ಬಸುರಿ ಬೆಕ್ಕು

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಹದಿನಾರು ವರ್ಷದಿಂದ ದಾರ ಕತ್ತರಿಸಿ ಚೆಕ್ಕಿಂಗ್ ಮಾಡುತ್ತಿದ್ದೇನೆ. ಇಪ್ಪತ್ತು ಮಿಷನ್ ಗುಡುಗುಟ್ಟುವ ಜಾಗದಲ್ಲಿ ನಗುವಂಥದ್ದು ಏನಾಗುತ್ತದೆ ಅಂತ ಕೆಲವರು ಕೇಳುತ್ತಾರೆ. ಏನೂ ಆಗದ ದಿನ ಯಾವುದಿತ್ತು ಅಂತ ನಾನು ಇನ್ನೂ ಹುಡುಕುತ್ತಿದ್ದೇನೆ. ಹೋದ ಚಳಿಗಾಲದ್ದಷ್ಟೇ ಹೇಳುತ್ತೇನೆ.

ಅಳತೆ

ಬೆಳಗಿನ ಚಳಿಗೆ ಒಂದು ಬಿಳಿ ಬೀದಿ ಬೆಕ್ಕು ಬಂದು ಇಸ್ತ್ರಿ ಟೇಬಲ್ಲಿನ ಕೆಳಗೆ ಮಲಗತೊಡಗಿತು. ಬಸುರಿ ಅಂತ ನಾವು ಹೆಂಗಸರು ಅಂದೆವು. ಅಲ್ಲ, ಮೀನಂಗಡಿಯಲ್ಲಿ ತಿಂದು ಕೊಬ್ಬಿದೆ ಅಂತ ಕಟಿಂಗ್ ಮಾಸ್ಟರರ ವಾದ. ಯಾರ ಸೊಂಟವನ್ನಾದರೂ ಕಣ್ಣಲ್ಲೇ ಅಳೆಯುತ್ತೇನೆಂಬ ಹಮ್ಮು ಅವರಿಗೆ. ಕೊನೆಗೆ ಸೋಮವಾರ ಟೇಪು ಹಿಡಿದು ಬೆಕ್ಕನ್ನು ಅಳೆದರು, ಶನಿವಾರ ಮತ್ತೆ ಅಳೆದರು. ಒಂದು ಇಂಚು ಬೆಳೆದಿತ್ತು. ಟೇಪನ್ನು ಕೊರಳಿಗೆ ಹಾಕಿಕೊಂಡು ಗಂಭೀರವಾಗಿ, "ಬಸುರಿನೇ. ಮುಂದಿನ ವಾರಕ್ಕ ಇನ್ನೊಂದು ಇಂಚು ಲೂಸ್ ಬಿಡ್ರಿ" ಅಂದರು.

ಹಾಸಿಗೆ

ನಮ್ಮಲ್ಲಿ ಜೇಬು ಹೊಲಿಯುವಾಕೆ ಒಬ್ಬಳಿದ್ದಾಳೆ. ನನ್ನಂತೆ ಅವಳೂ ಕುರುಗೋಡಿನವಳು, ದಿನಾ ಒಂದೇ ಬಸ್ಸಿಗೆ ಬರುತ್ತೇವೆ. ಆಗ ಅವಳಿಗೂ ಐದು ತಿಂಗಳು. ತಣ್ಣನೆ ನೆಲ ಬಸುರಿ ಮೈಗೆ ಆಗಿಬರುವುದಿಲ್ಲ ಅಂತ, ಊಟದ ಹೊತ್ತಿನಲ್ಲಿ ಕೂತು, ಬಟ್ಟೆ ಚೂರು ತುಂಬಿ ದಪ್ಪನೆಯ ಹಾಸಿಗೆ ಹೊಲಿದಳು. ಕೈಗೆ ಬಿದ್ದ ರೂಢಿ ನೋಡಿ, ಅದಕ್ಕೂ ಎರಡು ಜೇಬು ಇಟ್ಟಿದ್ದಳು.

ಬೆಕ್ಕು ಹಾಸಿಗೆಯನ್ನು ಮೂಸಿ ನೋಡಿತು. ಆಮೇಲೆ ನೇರ ಹೋಗಿ, ಪಾರ್ಸೆಲ್ಲಿಗೆ ತಯಾರಾಗಿದ್ದ ಕರಿ ಪ್ಯಾಂಟುಗಳ ರಾಶಿ ಮೇಲೆ ಮಲಗಿತು. ಇಸ್ತ್ರಿಯ ಬಿಸಿ ಇನ್ನೂ ಆರಿರಲಿಲ್ಲ.

ಮಧ್ಯಾಹ್ನ ಸಾವ್ಕಾರರು, ಅಂದರೆ ಯೂನಿಟ್ಟಿನ ಮಾಲೀಕರು, ಬಂದು ಒಂದು ಪ್ಯಾಂಟು ಎತ್ತಿದರೆ ಮೈತುಂಬ ಬಿಳಿ ಕೂದಲು. ಇದೇನು ಅಂತ ಕೇಳಿದರು. ಮಾಸ್ಟರೇ ಮುಂದೆ ಬಂದರು. "ಚಳಿಗಾಲದ ಮಾಡೆಲ್ ಸಾವ್ಕಾರ್ರ. ಸ್ವಲ್ಪ ಉಲನ್ ಸೇರೈತಿ."

ಟಿಕೆಟ್

ಸಾವ್ಕಾರರು ನಗಲಿಲ್ಲ. ಸಂಜೆಯೊಳಗೆ ಬೆಕ್ಕು ಹೊರಗಿರಬೇಕು ಅಂತ ಹುಕುಂ ಆಯಿತು. ಹೊರಗೆ ನೋಡಿದರೆ ನಾಯಿಗಳ ಹಿಂಡು. ಜೇಬಿನಾಕೆ ಕಣ್ಣಲ್ಲಿ ನೀರು ತಂದುಕೊಂಡಳು. ನಮ್ಮ ಮನೆಯಲ್ಲಿ ಬಚ್ಚಲ ಒಲೆ ಇದೆ, ಅದರ ಪಕ್ಕ ಬೆಚ್ಚಗೆ ಇರುತ್ತದೆ ಬಿಡು ಅಂತ ನಾನಂದೆ. ಇಬ್ಬರೂ ಸೇರಿ ಬೆಕ್ಕನ್ನು ಚೀಲದಲ್ಲಿ ಕೂಡಿಸಿಕೊಂಡು ಬಸ್ಸು ಹತ್ತಿದೆವು.

ಚೀಲ ಮಿಯಾಂವ್ ಅಂದಿತು. ಪ್ರಾಣಿಗೆ ಟಿಕೆಟ್ ತಗೊಳ್ಳಬೇಕು ಅಂತ ಕಂಡಕ್ಟರ್ ನಿಂತುಬಿಟ್ಟ. ಮುಂದಿನ ಸೀಟಿನ ಅಜ್ಜಿ ತಿರುಗಿ, ಅದು ಗಂಡೋ ಹೆಣ್ಣೋ ಅಂತ ವಿಚಾರಿಸಿದಳು. ಬಸುರಿ ಅಂದೆವು. "ಹಂಗಾರ ಹೆಣ್ಣು. ಹೆಣ್ಣಿಗೆ ಫ್ರೀ ಐತಲ್ಲಪ್ಪಾ" ಅಂದಳು. ಕಂಡಕ್ಟರೂ ಸೋಲುವವನಲ್ಲ, ಆಧಾರ್ ಕಾರ್ಡ್ ತೋರಿಸಿ ಅಂದ. ಜೇಬಿನಾಕೆ ಚೀಲದ ಬಾಯಿ ಸರಿಸಿದಳು. ಕಣ್ಣು ಕೆಂಪಗೆ, ಕೂದಲು ಕೆದರಿ, ಬೆಕ್ಕು ತಲೆ ಹೊರಗೆ ಹಾಕಿತು. ಅವನು ಒಂದು ಗಳಿಗೆ ನೋಡಿ, "ಹೋಗ್ಲಿ ಬಿಡ್ರಿ, ಆಧಾರ್ ಫೋಟೋದಾಗ ಎಲ್ಲಾರೂ ಹಿಂಗs ಕಾಣ್ತಾರ" ಅಂದ. ಗಾಳಿ ಬಡಿಯದಿರಲೆಂದು ಹಿಂದಿನ ಸೀಟಿನವರೂ ಕಿಟಕಿ ಮುಚ್ಚಿದರು.

ಗಿರಣಿಯ ಗಂಡು

ಒಲೆಯ ಪಕ್ಕ ಹಾಕಿದ ಅದೇ ಜೇಬಿನ ಹಾಸಿಗೆ ಈ ಸಲ ಬೆಕ್ಕಿಗೆ ಒಪ್ಪಿಗೆಯಾಯಿತು. ವಾರದೊಳಗೆ ನಾಲ್ಕು ಮರಿ ಹಾಕಿತು, ನಾಲ್ಕೂ ಗಟ್ಟಿ.

ಇತ್ತ ಯೂನಿಟ್ಟಿನಲ್ಲಿ ಇಲಿಗಳಿಗೆ ಹಬ್ಬ. ಬೆಳಗಾದರೆ ಪ್ಯಾಂಟುಗಳಿಗೆ ನಾವು ಹೊಲಿಯದ ತೂತು. ಸಾವ್ಕಾರರು ಸಿರುಗುಪ್ಪದ ಅಕ್ಕಿ ಗಿರಣಿಯಿಂದ ಹೆಸರುವಾಸಿಯಾದ ಗಂಡು ಬೆಕ್ಕನ್ನು ತರಿಸಿದರು. ಅದು ಇಸ್ತ್ರಿ ಮಾಡುವ ಚಾಚಾನ ಬುತ್ತಿಯ ಮೊಸರನ್ನ ತಿಂದು ಮೂರು ದಿನ ಮಲಗಿತು. ಇಲಿ ಎದುರೇ ಓಡಿದರೂ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು. ಇದಕ್ಕೇನು ಜಡ್ಡೋ ಅಂತ ಸಾವ್ಕಾರರು ಕೇಳಿದರು. "ಜಡ್ಡಲ್ರಿ" ಅಂದಳು ಜೇಬಿನಾಕೆ, "ಗಂಡು. ಮನಿಕೆಲಸ ತನಗಲ್ಲ ಅನ್ಕಂಡೈತಿ."

ರಜೆ

ಮರುದಿನ ಸಾವ್ಕಾರರು ಎಲ್ಲರೆದುರಿಗೆ ನನ್ನನ್ನು ಕರೆದು, ಆ ಬಿಳಿ ಬೆಕ್ಕನ್ನೇ ವಾಪಸ್ ತರಬೇಕು ಅಂದರು. ಮರಿ ಇನ್ನೂ ಕಣ್ಣು ಬಿಟ್ಟಿಲ್ಲ, ಎರಡು ತಿಂಗಳಾದರೂ ಬೇಕು ಅಂದೆ. ಆಗಲಿ ಅಂದರು. ಬಾಣಂತಿಯನ್ನು ಚಳಿಯಲ್ಲಿ ತರಬೇಡ, ಇಸ್ತ್ರಿ ಟೇಬಲ್ಲಿನ ಕೆಳಗೆ ಅದರ ಜಾಗ ಹಾಗೇ ಇರುತ್ತದೆ ಅಂತಲೂ ಹೇಳಿದರು.

ಮಿಷನ್‌ಗಳೆಲ್ಲ ನಿಂತವು. ಯಾಕೆಂದರೆ ನಮ್ಮಲ್ಲಿ ಹೆರಿಗೆಗೆ ಹೋದವಳ ಮಿಷನ್ ಮೇಲೆ ವಾರದೊಳಗೆ ಬೇರೆಯವಳು ಕೂತಿರುತ್ತಿದ್ದಳು. ಹೋದವಳು ಮತ್ತೆ ಬಂದದ್ದೇ ಇಲ್ಲ.

ಜೇಬಿನಾಕೆ ಸೊಂಟ ಹಿಡಿದುಕೊಂಡು ಎದ್ದು ನಿಂತಳು. "ಸಾವ್ಕಾರ್ರ, ನನಗೂ ರಜಾ ಬೇಕ್ರಿ. ಆರು ತಿಂಗಳು. ಬಂದಾಗ ನನ್ನ ಮಿಷನ್ ನನಗs ಇರಬೇಕು."

ಸಾವ್ಕಾರರು ಸುತ್ತ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದೆವು. ಚೌಕಾಸಿಗೆ ಇಳಿದರು. "ಅಲ್ಲವ್ವಾ, ಅದು ನಾಕು ಹಡದು ಎರಡು ತಿಂಗಳಿಗೆ ಕೆಲಸಕ್ಕ ಬರ್ತೈತಿ. ಒಂದು ಹಡಿಯಾಕ ನಿನಗ ಆರು ತಿಂಗಳು ಯಾಕ?"

ಅವಳು ಸಾವಕಾಶವಾಗಿ ಹೇಳಿದಳು. "ಅದರ ಮರಿ ಎರಡು ತಿಂಗಳಿಗೆ ಇಲಿ ಹಿಡೀತಾವ್ರಿ. ನನ್ನ ಕೂಸು ಹಿಡಿಯಂಗಿಲ್ಲ."

ಮೊದಲು ನಕ್ಕವರು ಸಾವ್ಕಾರರೇ. ನಕ್ಕ ಮೇಲೆ ಇಲ್ಲ ಅನ್ನುವುದು ಅವರಿಂದ ಆಗಲಿಲ್ಲ.