ಮಾವನ ಬೈಕಿನ ಅಡಿಬೋಲ್ಟು

ಆ ಶನಿವಾರ ಬೆಳಿಗ್ಗೆ ಪಿ.ಜೆ. ಬಡಾವಣೆಯ ಬಸವಪ್ರಭುವಿನ ಮನೆಯಂಗಳದಲ್ಲಿ ಎಂಟಾಣೆ ಅಗಲದ ಎಣ್ಣೆ ಕಲೆಯೊಂದು ಕಾಣಿಸಿಕೊಳ್ಳದೇ ಹೋಗಿದ್ದರೆ ಅವನ ಮಾನ ಉಳಿಯುತ್ತಿತ್ತು. ಆದರೆ ಕಾಣಿಸಿಕೊಂಡಿತು. ಅದೂ ಮಾವ ಬರುವ ದಿನವೇ.

ಕಲೆಯ ಮೇಲೆ ನಿಂತಿದ್ದದ್ದು ಮಾವನದೇ ಬೈಕು, ೧೯೬೧ರ ಮಾಡೆಲ್ಲು. ಹರಿಹರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಪಂಚಾಕ್ಷರಪ್ಪನವರಿಗೆ ಗಂಡು ಮಕ್ಕಳಿಲ್ಲ. ಇರುವುದು ಇಬ್ಬರು ಅಳಿಯಂದಿರು, ಒಂದು ಬೈಕು. ಎಪ್ಪತ್ತೈದು ತುಂಬಿದ ದಿನ ಅಳಿಯಂದಿರನ್ನು ಎದುರಿಗೆ ಕೂರಿಸಿಕೊಂಡು, "ಒಂದೊಂದು ತಿಂಗಳು ಇಟ್ಕೊಳ್ರಿ. ಯಾರಿಗೆ ಕೊಡಬೇಕಂತ ಆಮೇಲೆ ನೋಡ್ತೀನಿ. ಒಂದೇ ಮಾತು, ಇಂಜಿನ್ನಿಗೆ ಸ್ಪ್ಯಾನರ್ ಹಚ್ಚಂಗಿಲ್ಲ. ಐವತ್ತು ವರ್ಷ ನನ್ನ ಕೈ ಬಿಟ್ಟು ಬೇರೆ ಕೈ ಕಂಡಿಲ್ಲ ಅದು" ಎಂದಿದ್ದರು. ಮೊದಲ ತಿಂಗಳು ದೊಡ್ಡ ಅಳಿಯ ಯೋಗರಾಜ್ ಇಟ್ಟುಕೊಂಡು ತಿರುಗಿ ಕೊಟ್ಟಾಗಿತ್ತು. ಬಸವಪ್ರಭುವಿನ ತಿಂಗಳು ಇವತ್ತಿಗೆ ಮುಗಿಯುತ್ತಿತ್ತು. ಸಂಜೆ ಐದಕ್ಕೆ ಮಾವ ಬಂದು ತೀರ್ಪು ಹೇಳುವವರಿದ್ದರು.

ಬಸವಪ್ರಭು ಸಹಕಾರಿ ಬ್ಯಾಂಕಿನ ಗುಮಾಸ್ತ. ಹದಿನೆಂಟು ವರ್ಷ ಒಂದೇ ಕುರ್ಚಿ ಸವೆಸಿದವನಿಗೆ ಆ ಬೈಕಿನ ಮೇಲೆ ಕೂತಾಗ ಮಾತ್ರ ತಾನೂ ಒಬ್ಬ ಮನುಷ್ಯ ಅನ್ನಿಸುತ್ತಿತ್ತು. ಎಲ್ಲಿ ಕೆಟ್ಟೀತೋ ಎಂಬ ಹೆದರಿಕೆಗೆ ಇಡೀ ತಿಂಗಳು ಓಡಿಸದೆ ಬರೀ ಒರೆಸುತ್ತಾ ಕಳೆದಿದ್ದ. ಕೊನೆಯ ದಿನ ಆಸೆ ತಡೆಯಲಾಗದೆ ನಸುಕಿನಲ್ಲಿ ಬಡಾವಣೆಯನ್ನು ನಾಲ್ಕು ಸುತ್ತು ಹಾಕಿ ಬಂದ. ಇಂಜಿನ್ ಕಾಯಿತು, ಎಣ್ಣೆ ತೊಟ್ಟಿಕ್ಕಿತು.

ಇಂಜಿನ್ನಿನ ತಳದಲ್ಲಿ ಎಣ್ಣೆ ಬಸಿಯುವ ಬೋಲ್ಟೊಂದಿರುತ್ತದೆ. ಒಂದು ಚೂರು ಬಿಗಿ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಸ್ಪ್ಯಾನರ್ ಹಚ್ಚಿದ. ಬೋಲ್ಟು ತಿರುಗಿತು. ಇನ್ನೊಂದು ಸುತ್ತು ತಿರುಗಿತು. ಮೂರನೆಯದೂ ತಿರುಗಿತು. ಮೊಸರ ಗಡಿಗೆಯಲ್ಲಿ ಕಡಗೋಲು ಆಡಿದ ಹಾಗೆ ಆಡುತ್ತಿದೆಯೇ ಹೊರತು ಬಿಗಿಯಾಗುವ ಮಾತಿಲ್ಲ. ಬೋಲ್ಟನ್ನು ಹಿಡಿದುಕೊಳ್ಳುವ ಒಳಗಿನ ಥ್ರೆಡ್ಡೆಲ್ಲ ಕಿತ್ತುಹೋಗಿತ್ತು.

"ಅಪ್ಪಗೆ ಫೋನ್ ಮಾಡಿ ಹೇಳಿಬಿಡ್ರಿ. ಕೈತಪ್ಪಿ ಆತು ಅಂದ್ರೆ ಮುಗೀತು," ಎಂದಳು ಹೆಂಡತಿ ವಾಣಿ.

"ಹೇಳಿದ್ರೆ ಬೈಕು ಸೀದಾ ಯೋಗರಾಜನ ಮನಿಗೆ ಹೋಗ್ತೈತೆ. ನಿಮ್ಮಪ್ಪ ಬರೋದು ಬೈಕ್ ನೋಡಾಕೆ, ಸತ್ಯ ಕೇಳಾಕಲ್ಲ."

ಅಷ್ಟರಲ್ಲಿ ಎದುರು ಮನೆಯ ಉಚ್ಚೆಂಗಪ್ಪ ಕರೆಯದೆಯೇ ಬಂದರು. ನಿವೃತ್ತ ಡ್ರಿಲ್ ಮಾಸ್ತರು; ಕವಾಯತು ಒಂದನ್ನು ಬಿಟ್ಟು ಉಳಿದೆಲ್ಲ ವಿಷಯದಲ್ಲೂ ಪಾರಂಗತರು.

"ಇಷ್ಟಕ್ಕೆ ಯಾಕ ಮುಖ ಸಣ್ಣ ಮಾಡ್ಕೊಂಡಿ? ಸೋಪು, ದಾರ ತರ್ಸು. ನಮ್ಮ ಕಾಲದಾಗ ಬಸ್ಸಿನ ಟ್ಯಾಂಕೇ ಸೋಪಿನ ಮೇಲೆ ಹುಬ್ಳಿ ತನಕ ಹೋಗೋದು," ಎನ್ನುತ್ತಲೇ ಕೆಳಗೊಂದು ಪಾತ್ರೆ ಇಡಬೇಕೆಂಬ ಪರಿವೆಯೂ ಇಲ್ಲದೆ ಬೋಲ್ಟನ್ನು ಕಿತ್ತರು. ಇಂಜಿನ್ನಿನೊಳಗಿದ್ದ ಎಣ್ಣೆಯೆಲ್ಲ ಹರಿದು, ಪಕ್ಕದ ಮನೆಯ ಕೊಟ್ರವ್ವ ಆಗಷ್ಟೇ ಬಿಟ್ಟಿದ್ದ ರಂಗೋಲಿಯ ನಟ್ಟನಡುವೆ ಹೋಗಿ ನಿಂತಿತು. ಮಾಸ್ತರು ಅದನ್ನು ಲೆಕ್ಕಿಸದೆ, ಜಿಡ್ಡು ಹಿಡಿದ ಬೋಲ್ಟನ್ನು ಒರೆಸದೆ, ಅದರ ಮೇಲೇ ಬಿಳಿ ದಾರ ಸುತ್ತಿ, ಬಟ್ಟೆ ಸೋಪು ಮೆತ್ತಿ ತುರುಕಿದರು. ಹೊಸ ಎಣ್ಣೆ ಹುಯ್ದದ್ದೇ ತಡ, ಹನಿಯಾಗಿ ಬೀಳುತ್ತಿದ್ದದ್ದು ಈಗ ಧಾರೆಯಾಗಿ ಬಿತ್ತು, ನೊರೆ ಸಮೇತ.

ಕೊಟ್ರವ್ವ ಪೊರಕೆ ಹಿಡಿದೇ ಬಂದಳು. "ಮಾಸ್ತರ ಕೈಗೆ ಕೊಟ್ಟ್ರೆ ಗಾಡಿ ಏನು, ಮನೀನೂ ಸೋರ್ತೈತೆ. ಹರಿಹರದಾಗ ನಮ್ಮೂರಿನ ಓಬಯ್ಯ ಅದಾನ. ಮೂವತ್ತು ವರ್ಷ ಲೇಥ್ ಕೆಲಸ ಮಾಡಿದಾಂವ. ಇಂಥಾ ಥ್ರೆಡ್ ಹೊಸದಾಗಿ ಮಾಡಿಕೊಡ್ತಾನ. ಅಲ್ಲಿಗೆ ಒಯ್ರಿ, ನನ್ನ ಅಂಗಳ ಬಿಡ್ರಿ."

ಹರಿಹರ ಎಂದಾಗ ಬಸವಪ್ರಭುವಿನ ಜೀವ ಬಾಯಿಗೆ ಬಂತು. ಓಬಯ್ಯನ ವರ್ಕ್‌ಶಾಪಿಗೆ ಹೋಗುವ ದಾರಿಯಲ್ಲೇ ಮಾವನ ಅಂಗಡಿ. ಅದಕ್ಕೂ ಕೊಟ್ರವ್ವನೇ ಉಪಾಯ ಹೇಳಿ ತನ್ನ ಕರಿ ಕಂಬಳಿ ಕೊಟ್ಟಳು. ಲಗೇಜ್ ಆಟೋದಲ್ಲಿ ಬೈಕನ್ನು ನಿಲ್ಲಿಸಿ, ಹಗ್ಗ ಬಿಗಿದು, ಮೇಲೆ ಕಂಬಳಿ ಹೊದೆಸಿದ್ದಾಯಿತು. ಆಟೋದವನು ನಿನ್ನೆ ಶುಕ್ರವಾರದ ಪೂಜೆಗೆ ಹಾಕಿದ್ದ ಚೆಂಡುಹೂವಿನ ಸರ ಇನ್ನೂ ಮುಂದೆ ತೂಗುತ್ತಿತ್ತು. ಬಸವಪ್ರಭು ಹಿಂದೆ ಬೈಕಿನ ಪಕ್ಕದಲ್ಲಿ, ಎಲ್ಲ ಕಳೆದುಕೊಂಡವನ ಮುಖ ಹೊತ್ತು ಕೂತ.

ಹರಿಹರದ ದಾರಿಯ ಹಳ್ಳಿ ಬಾತಿ ಬಂತು. ರಸ್ತೆ ಬದಿಯಲ್ಲಿ ಕೂತಿದ್ದ ಮುದುಕನೊಬ್ಬ ದಡಬಡಿಸಿ ಎದ್ದು, ತಲೆಯ ಟವೆಲ್ ತೆಗೆದು, ಕೈ ಮುಗಿದ. ಆಮೇಲೆ ಇಬ್ಬರು ಹೆಂಗಸರು ಮುಗಿದರು. ಬಸವಪ್ರಭುವಿಗೆ ಅರ್ಥವಾಗಲಿಲ್ಲ; ಅರ್ಥವಾದಾಗ ಮೈ ಜುಮ್ಮೆಂದಿತು. ಅವರ ಕಡೆ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತಾರೆ. ಕಂಬಳಿಯ ಕೆಳಗೆ ಹ್ಯಾಂಡಲ್ಲು ಎರಡು ಹೆಗಲಾಗಿ, ಹೆಡ್‌ಲೈಟು ಬಾಗಿದ ತಲೆಯಾಗಿ, ಮಾವನ ಬೈಕು ಸಾಕ್ಷಾತ್ ಶಿವೈಕ್ಯರಾದ ಹಿರಿಯರಂತೆ ಕೂತಿತ್ತು. ಮಾವನ ಅಂಗಡಿ ಬರುವಷ್ಟರಲ್ಲಿ ಅವನೇ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುವವನಂತೆ ಭುಜ ಕುಣಿಸಿದ. ಯಾರೂ ಕೂಗಲಿಲ್ಲ. ಪಾರಾದೆ ಎಂದುಕೊಂಡ.

ಓಬಯ್ಯ ಮಂಡಕ್ಕಿ ಮಿರ್ಚಿ ತಿಂದು ಮುಗಿಸಿ, ಕೈ ತೊಳೆದು, ಒರೆಸಿ, ಆಮೇಲೆ ಬೋಲ್ಟು ಬಿಚ್ಚಿದ.

"ಸಂಜಿ ಐದಕ್ಕೆ ಬೇಕಾಗಿತ್ರಿ, ಸ್ವಲ್ಪ ಅವಸರ," ಎಂದ ಬಸವಪ್ರಭು.

"ಅವಸರ ಮಾಡಿದ್ದಕ್ಕೇ ಇಲ್ಲಿಗೆ ಬಂದೀರಿ." ಓಬಯ್ಯ ಬೋಲ್ಟಿನಿಂದ ಬಿಳಿ ದಾರ ಬಿಡಿಸಿದ. ಅದರಡಿಯಿಂದ ಕೆಂಪು ದಾರ ಬಂತು. "ಇದ್ಯಾರ್ರಿ, ಎರಡು ಬಣ್ಣದಾಗ ಸುತ್ಯಾರೆ?"

"ನಮ್ಮ ಮಾಸ್ತರ್ರು. ಅವ್ರ ಕೈಗೆ ಏನು ಸಿಗುತ್ತೋ ಅದು."

ಓಬಯ್ಯ ಕೆಂಪು ದಾರವನ್ನು ಮೂಲೆಗೆಸೆದು ಕೆಲಸಕ್ಕೆ ಕೂತ. ಹಳೆಯ ತೂತನ್ನು ಒಂದು ಕೂದಲೆಳೆ ಹಿಗ್ಗಿಸಿದ. ಥ್ರೆಡ್ ಕೊಯ್ಯುವ ಉಳಿಯಂಥ ಟ್ಯಾಪಿಗೆ ಗ್ರೀಸ್ ಮೆತ್ತಿ ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಹೀಗೆ ಕೂಸಿಗೆ ಅನ್ನ ತಿನ್ನಿಸುವವರ ಸಮಾಧಾನದಲ್ಲಿ ಹೊಸ ಥ್ರೆಡ್ ಕೊಯ್ದ. ಲೋಹದ ಪುಡಿಯೆಲ್ಲ ತೊಳೆದು, ಸ್ಪ್ರಿಂಗಿನಂಥ ಉಕ್ಕಿನ ಸುರುಳಿಯೊಂದನ್ನು ಅದರೊಳಗೆ ತಿರುಪಿ ಕೂಡಿಸಿದ. ಬೋಲ್ಟು ಬೆಣ್ಣೆಯಲ್ಲಿ ಇಳಿದಂತೆ ಇಳಿದು ಗಟ್ಟಿಯಾಗಿ ನಿಂತಿತು.

"ಬೆರಳಿಂದ ಕೂಡ್ಸಿ, ಸ್ಪ್ಯಾನರ್‌ನಾಗ ಕಾಲು ಸುತ್ತು, ಅಷ್ಟೇ. ಇನ್ನು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಸೋರಂಗಿಲ್ಲ," ಎಂದ ಓಬಯ್ಯ. ಬಸವಪ್ರಭುವಿಗೆ ಅವನ ಕಾಲಿಗೆ ಬೀಳಬೇಕೆನ್ನಿಸಿತು.

ಎಣ್ಣೆ ತುಂಬಿಸಿ, ಸಂದಿಗೊಂದಿಯಲ್ಲಿ ಬೈಕ್ ಹೊಡೆದುಕೊಂಡು ಮನೆ ಮುಟ್ಟಿದಾಗ ನಾಲ್ಕು ಮುಕ್ಕಾಲು. ಐದಕ್ಕೆ ಸರಿಯಾಗಿ ಪಂಚಾಕ್ಷರಪ್ಪ ಬಂದರು. ಬೈಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಮಂಡಿ ಹಿಡಿದುಕೊಂಡು ಬಗ್ಗಿ, ಇಂಜಿನ್ನಿನ ತಳಕ್ಕೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಒಣಗಿತ್ತು.

"ಏನೂ ತೊಂದರೆ ಕೊಡ್ಲಿಲ್ಲಲ್ಲ?"

"ಒಂದು ಹನಿ ಸೋರಿಲ್ಲ ಮಾವ. ಸ್ಪ್ಯಾನರ್ ಹತ್ರಾನೂ ಸುಳಿದಿಲ್ಲ."

ವಾಣಿ ಚಹಾ ತಂದು ಕೊಟ್ಟಳು. ಮಾವ ಒಂದು ಗುಟುಕು ಕುಡಿದು ನಿಟ್ಟುಸಿರಿಟ್ಟರು. "ಮಧ್ಯಾಹ್ನ ನಮ್ಮ ಅಂಗಡಿ ಮುಂದೆ ಯಾರನ್ನೋ ಒಯ್ದ್ರು. ಲಗೇಜ್ ಆಟೋದಾಗ. ಭಜನೆ ಇಲ್ಲ, ನಾಲ್ಕು ಜನ ಇಲ್ಲ, ಪಕ್ಕದಾಗ ಒಬ್ಬನೇ ಅಳ್ತಾ ಕುಂತಿದ್ದ. ಭಾಳ ಕೆಟ್ಟ ಅನ್ನಿಸ್ತು. ಎದ್ದು ಕೈ ಮುಗಿದೆ."

"ಪಾಪ," ಎಂದ ಬಸವಪ್ರಭು.

"ಪಾಪಾನೇ. ಆಟೋ ಮುಂದಕ್ಕೆ ಹೋತು. ನೋಡ್ತೀನಿ, ಹೆಣದ ಹಿಂದೆ ನಂಬರ್ ಪ್ಲೇಟ್ ಐತೆ."

ಬಸವಪ್ರಭು ಎದ್ದು ಕೈ ಮುಗಿದ. ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. "ತಪ್ಪಾತು ಮಾವ. ಬೆಳಿಗ್ಗೆ ಬೋಲ್ಟ್ ಬಿಗಿ ಮಾಡಾಕೆ ಹೋಗಿ ಥ್ರೆಡ್ ಹಾಳು ಮಾಡ್ದೆ."

"ನೀನೆಲ್ಲಿ ಹಾಳು ಮಾಡ್ದಿ," ಎಂದರು ಮಾವ ತಣ್ಣಗೆ. "ಅದನ್ನ ಹಾಳು ಮಾಡಿದ್ದು ನಾನು, ಹೋದ ವರ್ಷ. ಅಂಗಡಿಯಾಗಿನ ಕೆಂಪು ದಾರ ಸುತ್ತಿ, ಸೋಪು ಮೆತ್ತಿ ಯೋಗರಾಜಂಗೆ ಕೊಟ್ಟೆ. ಎರಡನೇ ದಿನಕ್ಕೇ ಫೋನ್ ಹಚ್ಚಿದ. ಸೋರಾಕ ಹತ್ತೈತೆ, ನಾನೇ ಕೆಡಿಸಿದೆ ಮಾವ ಅಂತ ಅತ್ತೇ ಬಿಟ್ಟ. ಮತ್ತೆ ಹೊಸ ದಾರ ಸುತ್ತಿ ನಿನಗೆ ಕೊಟ್ಟೆ. ನಿಂದೂ ಒಂದು ಫೋನ್ ಬರ್ತೈತೆ ಅಂತ ತಿಂಗಳಿಡೀ ಕಾದೆ."

ವಾಣಿ ಗಂಡನನ್ನು ಒಮ್ಮೆ ನೋಡಿ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೇ ವಾಸಿಯಿತ್ತು.

ಪಂಚಾಕ್ಷರಪ್ಪ ಎದ್ದು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡರು. "ಓಬಯ್ಯನ ಕೈ ಅಲ್ಲೇನು ಇದು? ಚಲೋ ಮಾಡ್ಯಾನ. ಇನ್ನು ಯೋಗರಾಜಂಗೆ ಕಾಯಂ ಕೊಡೋ ಮುಂಚೆ ನಾನೇ ಮಾಡಿಸಬೇಕಂತಿದ್ದೆ. ನನಗೊಂದು ಓಡಾಟ ಉಳಿಸಿದಿ."

ಒಂದೇ ಕಿಕ್ಕಿಗೆ ಬೈಕು ಎದ್ದಿತು. ತಿಂಗಳಿಡೀ ತಾನು ಒರೆಸಿದ ಟ್ಯಾಂಕು ಸಂಜೆ ಬಿಸಿಲಲ್ಲಿ ಫಳಫಳ ಹೊಳೆಯುತ್ತಾ ಹರಿಹರದ ಕಡೆ ಹೊರಟಿದ್ದನ್ನು ಬಸವಪ್ರಭು ಗೇಟು ಹಿಡಿದುಕೊಂಡು ನೋಡಿದ.

ಸದ್ದಿಗೆ ಉಚ್ಚೆಂಗಪ್ಪ ಎದುರು ಮನೆಯಿಂದ ಇಳಿದು ಬಂದರು. ಬೈಕು ನಿಂತಿದ್ದ ಜಾಗದಲ್ಲಿ ಬಗ್ಗಿ, ಕನ್ನಡಕ ಏರಿಸಿಕೊಂಡು ನೆಲವನ್ನು ಪರೀಕ್ಷಿಸಿದರು. ಹೊಸ ಕಲೆ ಒಂದೂ ಇರಲಿಲ್ಲ. ಅವರು ಬಸವಪ್ರಭುವಿನ ಬೆನ್ನು ತಟ್ಟಿದರು.

"ನೋಡಿದ್ಯಾ ಪ್ರಭು? ಸೋಪು ಹಿಡ್ಕೊಳ್ಳಾಕೆ ಸ್ವಲ್ಪ ಟೈಮ್ ಬೇಕು. ಮಾವ ಖುಷಿಯಾಗೇ ಹೋದ್ರಲ್ಲ?"