ರಾಶಿಯ ಮೇಲಿಳಿದ ಆಟೋಜೈರೊ

ಎರಡು ಸಾವಿರದ ಒಂದನೆಯ ಇಸವಿ, ಜನವರಿ ಇಪ್ಪತ್ತೊಂದು, ಭಾನುವಾರ. ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿದ್ದ ಕೊಟ್ಟೂರಪ್ಪನ ಮೋಟಾರು ರಿವೈಂಡಿಂಗ್ ಅಂಗಡಿಯಲ್ಲಿ ಆ ದಿನ ದುರಸ್ತಿಗೆ ಕಾದು ಮಲಗಿದ್ದ ಪಂಪ್‌ಸೆಟ್ ಮೋಟಾರುಗಳು ಹದಿನೇಳು. ದುರಸ್ತಿಯಾಗಿದ್ದವು ಸೊನ್ನೆ. ಇದಕ್ಕೆ ಕಾರಣ ಒಂದೇ. ಅದು ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಣಿತಾಟಿನ ಮೇಲೆ ಕುಳಿತಿತ್ತು.

ಅದನ್ನು ಕೊಟ್ಟೂರಪ್ಪ ಆಟೋಜೈರೊ ಎನ್ನುತ್ತಿದ್ದ. ಊರು ಫ್ಯಾನು ಎನ್ನುತ್ತಿತ್ತು. ಎರಡು ಮೊಳ ಉದ್ದದ ಒಡಲು, ಮೂಗಿನಲ್ಲಿ ಒಂದು ಪುಟ್ಟ ಎಂಜಿನ್ನು, ನೆತ್ತಿಯ ಮೇಲೊಂದು ಕಂಬ, ಕಂಬದ ತುದಿಯಲ್ಲಿ ಮೂರು ನೀಳವಾದ ರೆಕ್ಕೆಗಳು. ಹೆಲಿಕಾಪ್ಟರಿನ ರೆಕ್ಕೆಯನ್ನು ಎಂಜಿನ್ನು ತಿರುಗಿಸುತ್ತದೆ. ಇದರ ನೆತ್ತಿಯ ರೆಕ್ಕೆಗಳಿಗೂ ಎಂಜಿನ್ನಿಗೂ ಮಾತುಕತೆಯೇ ಇಲ್ಲ. ಎಂಜಿನ್ನು ಯಂತ್ರವನ್ನು ಮುಂದಕ್ಕೆ ಎಳೆಯಬೇಕು. ಎದುರು ಬರುವ ಗಾಳಿ ರೆಕ್ಕೆಗಳನ್ನು ತಿರುಗಿಸಬೇಕು. ತಿರುಗಿದ ರೆಕ್ಕೆಗಳು ಯಂತ್ರವನ್ನು ಎತ್ತಬೇಕು. ಕೆಳಗೆ ನಿಂತವನು ಕೈಯಲ್ಲಿನ ರಿಮೋಟಿನಿಂದ ಅದನ್ನು ನಡೆಸಬೇಕು. ಪುಸ್ತಕದಲ್ಲಿ ಹೀಗಿತ್ತು. ಯಂತ್ರ ಪುಸ್ತಕವನ್ನು ಓದಿರಲಿಲ್ಲ. ಮೂರು ವರ್ಷಗಳಿಂದ ಅದು ಓಡುತ್ತಿತ್ತು, ಮುಗ್ಗರಿಸುತ್ತಿತ್ತು, ಮಗ್ಗುಲಾಗಿ ಎಮ್ಮೆಯಂತೆ ಮಲಗುತ್ತಿತ್ತು. ನೆಲವನ್ನು ಮಾತ್ರ ಬಿಟ್ಟಿರಲಿಲ್ಲ.

ಅದನ್ನು ನೋಡಿ ನಗದಿದ್ದವಳು ಊರಿನಲ್ಲಿ ಒಬ್ಬಳೇ, ಕೊಟ್ಟೂರಪ್ಪನ ಹೆಂಡತಿ ಗೀತಮ್ಮ. ಹೊಗಳಿದವಳೂ ಅಲ್ಲ. ಮೊಳಕಾಲ್ಮುರಿನ ಮಗ್ಗದವರಿಂದ ಉಳಿದ ರೇಷ್ಮೆಯ ಚೂರುಗಳನ್ನು ತರಿಸಿ, ಸುಕ್ಕು ಬಾರದಂತೆ ಎಳೆದು, ರೆಕ್ಕೆಗೂ ಬಾಲಕ್ಕೂ ಅಂಟಿಸಿಕೊಟ್ಟಿದ್ದಳು. ಪ್ರತಿ ಸಲ ಮುರಿದಾಗಲೂ ಮತ್ತೆ ಅಂಟಿಸುತ್ತಿದ್ದಳು, ಹರಿದ ಅಂಗಿಗೆ ತೇಪೆ ಹಾಕಿದಷ್ಟೇ ಸಹಜವಾಗಿ.

ಸಂಕ್ರಾಂತಿ ಕಳೆದ ಮರುದಿನ ದೊಡ್ಡೀರಪ್ಪ ಮನೆಗೇ ಬಂದು ಜಗಲಿಯ ಮೇಲೆ ಕುಳಿತ. ಹದಿನೇಳರಲ್ಲಿ ಎಲ್ಲಕ್ಕಿಂತ ಮೊದಲು ಬಂದು ಮಲಗಿದ್ದ ಮೋಟಾರು ಅವನದು.

"ತಂಗೀ, ನೀನಾದ್ರೂ ಹೇಳಮ್ಮ. ಹೊಲದಾಗೆ ಈರುಳ್ಳಿ ಬಾಯ್ ಬಿಡ್ತಾ ಐತೆ. ನಿನ್ನ ಗಂಡ ನನ್ನ ಮೋಟ್ರು ಬಿಚ್ಚಿಟ್ಟು ಆಕಾಶ ನೋಡ್ತಾ ಕುಂತಾನೆ."

"ಬಿಚ್ಚಿದೀನಲ್ಲೋ, ಅರ್ಧ ಕೆಲಸ ಆತು," ಎಂದ ಕೊಟ್ಟೂರಪ್ಪ.

"ಲೇ, ನೀನು ಬಿಚ್ಚಿದ್ದು ದಸರಾದಾಗೆ!"

ಬೀದಿಯವರು ಬಾಗಿಲಿಗೆ ಬಂದು ನಿಂತರು. ಕೊಟ್ಟೂರಪ್ಪನಿಗೆ ಮೈ ಬಿಸಿಯಾಯಿತು. ಬಿಸಿಯಾದಾಗ ಬಾಯಿಂದ ಬಂದ ಮಾತನ್ನು ಅವನು ಆಮೇಲೆ ಅಳೆದು ನೋಡುವವನು.

"ಆತು ಕಣೋ! ಇವಳು ಕಣ್ಣಾರೆ ಒಂದೇ ಒಂದ್ ಸಲ ಇದು ಹಾರಿದ್ದು ನೋಡ್ಲಿ. ಅವತ್ತೇ ರಿಮೋಟು ಅಟ್ಟಕ್ಕೆ ಹಾಕ್ತೀನಿ. ಮತ್ತೆ ಮುಟ್ಟಾದಿಲ್ಲ. ಬಸವಣ್ಣನ ಆಣೆ."

ಅಂದಿನಿಂದ ಊರಿನ ನಗು ನಿಂತಿತು. ಯಂತ್ರ ಹಾರಲೆಂದು ಹದಿನೇಳು ಮೋಟಾರುಗಳ ಒಡೆಯರು ಹರಸತೊಡಗಿದರು. ಆ ಎಂಜಿನ್ನು ಕುಡಿಯುವುದು ಹರಳೆಣ್ಣೆ ಬೆರೆಸಿದ ಸ್ಪಿರಿಟ್ಟು ಎಂದು ತಿಳಿದು ಎಣ್ಣೆ ಮಿಲ್ಲಿನವನೊಬ್ಬ ಸೋಸಿದ ಹರಳೆಣ್ಣೆಯನ್ನು ಕ್ಯಾನಿನಲ್ಲಿ ತಂದಿಟ್ಟ. ದೊಡ್ಡೀರಪ್ಪ ದಿನವೂ ಬೆಳಿಗ್ಗೆ ಬಂದು, ಬಾಣಂತಿಯ ಮನೆಯಲ್ಲಿ ವಿಚಾರಿಸುವಂತೆ, "ಏನಾದ್ರೂ ಆತಾ?" ಎಂದು ಕೇಳಿ ಹೋಗುತ್ತಿದ್ದ.

ಕೊಟ್ಟೂರಪ್ಪನಿಗೆ ಮಾತ್ರ ಲೆಕ್ಕ ಕೂಡಿಬರಲಿಲ್ಲ. ಹಾರದಿದ್ದರೆ ಮಾನ ಹೋಗುತ್ತದೆ. ಹಾರಿದರೆ ಹಿಂದಿನ ಕೋಣೆಗೆ ಬೀಗ ಬೀಳುತ್ತದೆ. ಸಂಜೆ ಅಂಗಡಿಯ ಬಾಗಿಲು ಎಳೆದ ಮೇಲೆ ಗೀತಮ್ಮ ಎದುರು ಕುಳಿತು ರೇಷ್ಮೆ ಎಳೆಯುವುದು, ತಾನು ಅಂಟು ಹಚ್ಚುವುದು, ಇಬ್ಬರೂ ಒಂದು ಗಂಟೆ ಮಾತಾಡದಿರುವುದು, ಅದೂ ನಿಲ್ಲುತ್ತದೆ. ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ಹೇಳಿದರೆ ಹದಿನೇಳು ಜನ ನಗುತ್ತಿದ್ದರು.

ಚಳ್ಳಕೆರೆಯಲ್ಲಿ ಎಲ್ಲಿ ನೋಡಿದರೂ ಕರೆಂಟು ತಂತಿ. ಆದ್ದರಿಂದ ಕೊಂಡ್ಲಹಳ್ಳಿಯಲ್ಲಿ ಹಾರಿಸುವುದೆಂದಾಯಿತು. ಅಲ್ಲಿ ಗೀತಮ್ಮನ ದೊಡ್ಡವ್ವ ದುರುಗಕ್ಕನ ಹೊಲವಿತ್ತು. ಶೇಂಗಾ ಕಿತ್ತು ಬಯಲಾಗಿತ್ತು. ಸಾಕ್ಷಿಗೆ ದೊಡ್ಡೀರಪ್ಪ ಹೊರಟ. ಯಾವುದಕ್ಕೂ ಸಾಕ್ಷಿಯಲ್ಲದಿದ್ದರೂ ಪಕ್ಕದ ಮನೆಯ ಪಾಪಕ್ಕ ಹೊರಟಳು.

ಭಾನುವಾರದ ಬಸ್ಸಿನಲ್ಲಿ ಕಾಲಿಡಲು ತೆರಪಿರಲಿಲ್ಲ. ಯಂತ್ರದ ಒಡಲು ಗೀತಮ್ಮನ ಮಡಿಲಲ್ಲಿ ಕೂಸಿನಂತೆ ಕುಳಿತಿತ್ತು. ಬಿಚ್ಚಿದ ಮೂರು ರೆಕ್ಕೆಗಳನ್ನು ದುಪ್ಪಟಿಯಲ್ಲಿ ಸುತ್ತಿ ಸೀಟಿನ ಮೇಲಿಟ್ಟು, ಟಿಕೇಟಿನ ಚಿಲ್ಲರೆ ಹುಡುಕಲು ಕೊಟ್ಟೂರಪ್ಪ ಅತ್ತ ತಿರುಗಿದ. ಇತ್ತ ತಿರುಗುವಷ್ಟರಲ್ಲಿ ಅಲ್ಲಿ ಪಾಪಕ್ಕ ಇದ್ದಳು. ಪಾಪಕ್ಕ ಎಲ್ಲಿ ಕುಳಿತರೂ ಆ ಜಾಗ ಅವಳದೇ ಎನ್ನುವಂತೆ ತುಂಬುವ ಹೆಂಗಸು.

"ಪಾಪಕ್ಕಾ, ಏಳೇ! ಕೆಳಗೆ ರೆಕ್ಕೆ ಅವೆ!"

"ಏನ್ ರೆಕ್ಕೆನೋ ಕೊಟ್ರಾ? ನಂಗೆ ಮೆತ್ತಗೇ ಐತೆ."

"ನಿಂಗೆ ಮೆತ್ತಗೈತೆ, ಅವಕ್ಕೆ ಹೆಂಗೈತೆ ಅಂತ ಕೇಳು!"

"ಎದ್ದೆ ಅಂತಿಟ್ಕೋ, ಅಲ್ಲಿ ನಿಂತಿರೋ ಮೊಳಕಾಲ್ಮುರಿನೋನು ಬಂದು ಕುಂತ್ಕೊಂತಾನೆ. ಅವನು ನನಗಿಂತ ಭಾರ ಅದಾನೆ, ನೋಡು."

ಇದು ನಿಜವಾಗಿತ್ತು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಪಾಪಕ್ಕ ಅರ್ಧ ಅಡಿ ಮೇಲೆದ್ದು ಕೆಳಗಿಳಿಯುತ್ತಿದ್ದಳು. ಅವಳು ಇಳಿದಾಗಲೆಲ್ಲ ಕೊಟ್ಟೂರಪ್ಪ ಕಣ್ಣು ಮುಚ್ಚುತ್ತಿದ್ದ. ಗೀತಮ್ಮ ಸೆರಗಿನ ಮರೆಯಲ್ಲಿ ಅವನ ಮುಂಗೈಯನ್ನು ಒಮ್ಮೆ ಒತ್ತಿದಳು.

ಹೊಲದ ಬದುವಿನ ಮೇಲೆ ದುಪ್ಪಟಿ ಬಿಚ್ಚಿ ನೋಡಿದರೆ ಮರ ಮುರಿದಿರಲಿಲ್ಲ, ರೇಷ್ಮೆ ಹರಿದಿರಲಿಲ್ಲ. ಆದರೆ ರೆಕ್ಕೆಯನ್ನು ಕಂಬಕ್ಕೆ ಸೇರಿಸುವ ಲೋಹದ ಪಟ್ಟಿಗಳಿದ್ದವಲ್ಲ, ಅವುಗಳನ್ನು ಕೊಟ್ಟೂರಪ್ಪ ಸೀಲಿಂಗ್ ಫ್ಯಾನಿನ ರೆಕ್ಕೆಯಷ್ಟೇ ಓರೆಗೆ ಬಹಳ ಜತನದಿಂದ ಬಾಗಿಸಿದ್ದ. ಇಪ್ಪತ್ತು ವರ್ಷ ಫ್ಯಾನು ಬಿಚ್ಚಿ ಕಟ್ಟಿದ ಕೈ ಅದು. ಈಗ ಮೂರು ಪಟ್ಟಿಗಳೂ ರೊಟ್ಟಿ ತಟ್ಟಿದ ಹಾಗೆ ಚಪ್ಪಟೆಯಾಗಿದ್ದವು. ಮತ್ತೆ ಬಾಗಿಸಲು ಬೇಕಾದ ಇಕ್ಕಳ, ದೊಡ್ಡೀರಪ್ಪ ಅವಸರಪಡಿಸಿದ್ದರಿಂದ, ಅಂಗಡಿಯಲ್ಲೇ ಉಳಿದಿತ್ತು.

"ಓರೆ ಹೋಗೇತೆ. ಇನ್ನು ಹಾರಂಗಿಲ್ಲ," ಎಂದ ಕೊಟ್ಟೂರಪ್ಪ. ಆ ಮಾತಿನಲ್ಲಿ ದುಃಖವಿತ್ತು. ದುಃಖದ ಕೆಳಗೆ, ಯಾರಿಗೂ ಕಾಣದಂತೆ, ತುಸು ನೆಮ್ಮದಿಯೂ ಇತ್ತು.

"ಹಾಕಿ ನೋಡ್ರಿ," ಎಂದಳು ಗೀತಮ್ಮ.

ಹೊಲದ ಆ ತುದಿಯಲ್ಲಿ ದುರುಗಕ್ಕನ ಕಣ. ರಾಗಿಯನ್ನು ತೂರಿ ರಾಶಿ ಮಾಡಿ, ನೆತ್ತಿಯ ಮೇಲೆ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕನನ್ನು ಇಟ್ಟಿದ್ದರು. ದುರುಗಕ್ಕ ಬದುವಿನವರೆಗೂ ಬಂದು ಅಳಿಯನಿಗೆ ಎಚ್ಚರಿಕೆ ಕೊಟ್ಟಳು.

"ಪೂಜೆ ಆಗಿ ಅಳತೆ ಶುರು ಆದ್ರೆ ಮುಗಿಯಾಗಂಟ ಕಣದಾಗೆ ಯಾರೂ ತುಟಿ ಬಿಚ್ಚಂಗಿಲ್ಲ. ನಿನ್ನ ಫ್ಯಾನು ಆ ಕಡೀಗೆ ಇಟ್ಕೊಳಪ್ಪ."

"ದೊಡ್ಡವ್ವ, ಅದು ನೆಲ ಬಿಡೋದೇ ಕಷ್ಟ. ಈ ಕಡೆ ಎಲ್ಲಿ ಬರ್ತೈತೆ?"

ಗೀತಮ್ಮ ಹುಣಸೆ ಮರದ ಆಚೆ, ನೆರಳಿನಲ್ಲಿ ಹೋಗಿ ನಿಂತಳು. ಎಂಜಿನ್ನು ಕೆಮ್ಮಿತು, ಸೀನಿತು, ಹೊತ್ತಿಕೊಂಡಿತು. ಸುಟ್ಟ ಹರಳೆಣ್ಣೆಯ ವಾಸನೆ ಹೊಲವೆಲ್ಲ ಹರಡಿತು.

"ಪಾಪ, ಯಾರಿಗೋ ಹೊಟ್ಟೆ ಕಟ್ಟೈತೆ," ಎಂದಳು ಪಾಪಕ್ಕ.

ದೊಡ್ಡೀರಪ್ಪ ಯಂತ್ರಕ್ಕೆ ಎರಡೂ ಕೈ ಮುಗಿದ. "ಏಳವ್ವಾ, ಏಳು. ನನ್ನ ಈರುಳ್ಳಿ ಮಕ ನೋಡಿಯಾದ್ರೂ ಏಳು."

ಯಂತ್ರ ಓಡಿತು. ಎದುರು ಗಾಳಿಗೆ ನೆತ್ತಿಯ ರೆಕ್ಕೆ ಮೊದಲು ಸೋಮಾರಿಯಂತೆ ಹೊರಳಿತು. ಆಮೇಲೆ ಚುರುಕಾಯಿತು. ಆಮೇಲೆ ಮೂರು ರೆಕ್ಕೆಗಳೂ ಕಾಣದಾಗಿ ಒಂದು ತೆಳ್ಳನೆಯ ತಟ್ಟೆ ಮಾತ್ರ ಉಳಿಯಿತು. ಚಕ್ರಗಳು ಮಣ್ಣನ್ನು ಬಿಟ್ಟವು. ಒಂದು ಗೇಣು, ಒಂದು ಮೊಳ, ಒಂದಾಳೆತ್ತರ. ಫ್ಯಾನು ಗಾಳಿಯನ್ನು ತಳ್ಳುವ ವಸ್ತು, ಅದಕ್ಕೆ ಓರೆ ಬೇಕು. ಗಾಳಿಯೇ ತಿರುಗಿಸಬೇಕಾದ ರೆಕ್ಕೆ ಹೆಚ್ಚು ಕಡಿಮೆ ಮಟ್ಟಸವಾಗಿರಬೇಕು. ಮೂರು ವರ್ಷ ಕೊಟ್ಟೂರಪ್ಪನಿಗೆ ಹೊಳೆಯದಿದ್ದ ತಪ್ಪನ್ನು ಪಾಪಕ್ಕ ಚಳ್ಳಕೆರೆಯಿಂದ ಕೊಂಡ್ಲಹಳ್ಳಿಯವರೆಗೆ ಕುಳಿತೇ ತಿದ್ದಿದ್ದಳು.

"ಹಾರ್ತಲೇ!" ಎಂದು ದೊಡ್ಡೀರಪ್ಪ ಪಂಚೆ ಎತ್ತಿಕಟ್ಟಿ ಕುಣಿದ. "ನನ್ನ ಮೋಟ್ರು ಹಾರ್ತಲೇ!"

ಕೊಟ್ಟೂರಪ್ಪನ ಕಣ್ಣು ಮಂಜಾಯಿತು. ಸಂಜೆಯ ಬಿಸಿಲಿನಲ್ಲಿ ರೇಷ್ಮೆ ಬೆಳಗುತ್ತಿತ್ತು. ಆಗ ಒಂದು ಸಂಗತಿ ಅವನಿಗೆ ನೆನಪಾಯಿತು: ಮೂರು ವರ್ಷ ಅವನು ಏರಿಸುವುದನ್ನಷ್ಟೇ ಅಭ್ಯಾಸ ಮಾಡಿದ್ದ, ಇಳಿಸುವುದನ್ನು ಕಲಿಯುವ ಸಂದರ್ಭವೇ ಬಂದಿರಲಿಲ್ಲ.

ಬಲಕ್ಕೆ ತಿರುಗಿಸಿದ, ಅದು ಎಡಕ್ಕೆ ಹೋಯಿತು. ಹುಣಸೆ ಮರದ ಹಿಂದೆ ಸರಿದು ಅವನಿಗೆ ಕಾಣದಾಯಿತು. ಮರದ ಆ ಬದಿಯಿಂದ ಹೊರಬಂದಾಗ ಅದು ನೇರವಾಗಿ ಕಣದ ಕಡೆ ಮುಖ ಮಾಡಿತ್ತು.

ಅದೇ ಹೊತ್ತಿಗೆ ಕಣದಲ್ಲಿ ಅಳೆಯುವವನು ಮೊದಲ ಕೊಳಗವನ್ನು ತುಂಬಿ, ಒಂದು ಎನ್ನದೆ ಪದ್ಧತಿಯಂತೆ "ಲಾಭ" ಎಂದು ಸುರಿದಿದ್ದ. ಇನ್ನು ಎಲ್ಲರ ಬಾಯಿಗೂ ಬೀಗ.

"ಸರೀರೋ! ದೊಡ್ಡವ್ವಾ, ತಲೆ ತಗ್ಗುಸು!" ಎಂದು ಕೊಟ್ಟೂರಪ್ಪ ರಿಮೋಟು ಹಿಡಿದು ಓಡಿದ. ಕಣದಿಂದ ಒಂದು ಮಾತೂ ಬರಲಿಲ್ಲ. ಒಂಬತ್ತು ಜೋಡಿ ಕಣ್ಣುಗಳು ಮಾತ್ರ ಯಂತ್ರದ ಜೊತೆಗೇ ತಿರುಗಿದವು. ಒಬ್ಬನ ಪೇಟ ಗಾಳಿಗೆ ಬಿಚ್ಚಿ ಹೋಯಿತು; ಅವನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

ಎಣ್ಣೆ ತೀರಿ ಎಂಜಿನ್ನು ನಿಂತಿತು. ಬೇರೆ ವಿಮಾನವಾಗಿದ್ದರೆ ವೇಗ ಸತ್ತು ಮೂಗು ಕೆಳಗಾಗಿ ಬೀಳುತ್ತಿತ್ತು. ಇದು ರೆಕ್ಕೆ ತಿರುಗಿಸುತ್ತಲೇ, ಹಣ್ಣೆಲೆ ಇಳಿಯುವ ಹಾಗೆ ಇಳಿದು, ಬೆನಕನ ಪಕ್ಕದಲ್ಲಿ ರಾಶಿಯ ಮೇಲೆ ಕುಳಿತಿತು. ಉಳಿದಿದ್ದ ಚೂರುಪಾರು ಹೊಟ್ಟನ್ನು ಬೀಸಿ ಹಾರಿಸಿ ಸುಮ್ಮನಾಯಿತು.

ದುರುಗಕ್ಕ ಹುಬ್ಬು ಕೂಡ ಎತ್ತಲಿಲ್ಲ. ಮುಂದುವರಿಸು ಎಂದು ಕೈಯಾಡಿಸಿದಳು. ಅಳತೆ ನಡೆಯಿತು. ಕೊಟ್ಟೂರಪ್ಪ ಚಪ್ಪಲಿ ಬಿಟ್ಟು ಕಣದ ಅಂಚಿನಲ್ಲಿ, ತಪ್ಪು ಮಾಡಿ ಶಾಲೆಯ ಹೊರಗೆ ನಿಂತವನಂತೆ ನಿಂತ. ರಾಶಿಯನ್ನು ಸುತ್ತಲಿಂದ ತೆಗೆದು ತೆಗೆದು, ಕೊನೆಗೆ ಯಂತ್ರವೂ ಬೆನಕನೂ ಒಂದು ಚಿಕ್ಕ ದಿಬ್ಬದ ಮೇಲೆ ಜೊತೆಗೆ ಕುಳಿತಿದ್ದರು. ಆಗ ದುರುಗಕ್ಕ ಬಾಯಿ ಬಿಟ್ಟಳು.

"ಹೋದ ವರ್ಷಕ್ಕಿಂತ ಜಾಸ್ತಿ ಆಗೇತೆ. ಅಳತೆ ಹೊತ್ತಿಗೆ ಕಣಕ್ಕೆ ಬಂದಿದ್ದನ್ನ ಬರಿಗೈಲಿ ಕಳಿಸಬಾರ್ದು. ಇದಕ್ಕೊಂದು ಮೊರ ರಾಗಿ ಹಾಕ್ರಿ."

"ದೊಡ್ಡವ್ವ, ರಾಗಿ ಬ್ಯಾಡ, ಅದನ್ನ ಕೊಟ್ರೆ ಸಾಕು," ಎಂದು ಕೊಟ್ಟೂರಪ್ಪ ಕೈ ಚಾಚಿದ.

"ಕೈ ತೆಗಿಯಪ್ಪ! ತಾನಾಗೇ ಬಂದು ರಾಶಿ ಮ್ಯಾಲೆ ಕುಂತೈತೆ. ಈಗ ಎತ್ಕೊಂಡೋದ್ರೆ ರಾಶಿ ಹಿಂದೇನೇ ಹೋಗ್ತೈತೆ. ಮುಂದಿನ ವರ್ಷದ ಕಣದಗಂಟ ಇದು ನಮ್ಮ ಮನೇಲೆ, ರಾಗಿ ಜೊತೀಗೇ ಇರ್ಲಿ."

ಹೀಗೆ ಹೇಳಿ ಯಂತ್ರದ ಮೂಗಿಗೆ ಅರಿಶಿನ ಕುಂಕುಮ ಹಚ್ಚಿದಳು. ಹಚ್ಚಿದ ಮೇಲೆ ಅದು ರಾಶಿಯ ಸೊತ್ತಾಯಿತು.

ದೊಡ್ಡೀರಪ್ಪ ಕೊಟ್ಟೂರಪ್ಪನ ಹೆಗಲ ಮೇಲೆ ಕೈ ಹಾಕಿದ. "ಒಳ್ಳೇದೇ ಆತು ಬಿಡು. ಹಾರ್ತು, ಆಣೆ ತೀರ್ತು. ನಾಳೆ ಎಂಟಕ್ಕೆ ಅಂಗಡಿ ಬಾಗ್ಲು ತೆಗಿ, ಬರ್ತೀನಿ."

"ಹೂಂ," ಎಂದ ಕೊಟ್ಟೂರಪ್ಪ. ರಿಮೋಟಿನ ಉದ್ದ ಕಡ್ಡಿಯನ್ನು ಒಂದೊಂದೇ ಗೆಣ್ಣಾಗಿ ಒಳಕ್ಕೆ ಒತ್ತಿದ. ಮದುವೆ ಮುಗಿದ ಮರುದಿನ ಚಪ್ಪರ ಬಿಚ್ಚುವವನ ಮುಖ ಹಾಗಿರುತ್ತದೆ.

ಗೀತಮ್ಮ ಬದುವಿನ ಮೇಲೆ ನಿಧಾನವಾಗಿ ಬಂದಳು. ಗಂಡನ ಮುಖವನ್ನು ನೋಡಿದಳು. ತುಸು ಹೊತ್ತು ನೋಡಿದಳು.

"ಏನಾತ್ರಿ? ಹಾರ್ತಾ?" ಎಂದಳು.

ದೊಡ್ಡೀರಪ್ಪನ ಕೈ ಹೆಗಲಿನಿಂದ ಜಾರಿತು. "ಹಾರ್ತಾ? ತಂಗೀ, ನೀನು ನೋಡ್ಲಿಲ್ವಾ?"

"ಇಲ್ಲಣ್ಣ. ಬಿದ್ದುಗಿದ್ದಾತು ಅಂತ ಭಯ ಆತು. ಕಣ್ಣು ಮುಚ್ಕೊಂಡು ಕೈ ಮುಗ್ದು ನಿಂತಿದ್ದೆ. ಕಣ್ಣು ಬಿಡೋ ಹೊತ್ತಿಗೆ ರಾಶಿ ಮ್ಯಾಲೆ ಕುಂತಿತ್ತು."

"ಅಷ್ಟೊತ್ತು ಕಣ್ಣು ಮುಚ್ಚಿದ್ಯೇನೇ?" ಎಂದಳು ಪಾಪಕ್ಕ.

"ಹೂನಕ್ಕ."

"ನಾವೆಲ್ಲ ನೋಡಿದೀವಲ್ಲಮ್ಮ! ಊರೇ ನೋಡೇತೆ!" ದೊಡ್ಡೀರಪ್ಪನ ದನಿ ಒಡೆಯಿತು.

"ನೀವು ನೋಡಿದ್ರೆ ಏನ್ ಬಂತಣ್ಣ? ಇವರು ಆಣೆ ಇಟ್ಟಿದ್ದು ನನ್ನ ಕಣ್ಣಿಗೆ. ಬಸವಣ್ಣನ ಹತ್ರ ಸುಳ್ಳು ಲೆಕ್ಕ ಒಪ್ಸಾಕಾಗ್ತೈತಾ?"

ದೊಡ್ಡೀರಪ್ಪ ಕಣದ ಕಡೆ ಓಡಿದ. ಇನ್ನೊಂದು ಸಲ ಹಾರಿಸಲು ಯಂತ್ರ ಕೊಡಬೇಕೆಂದು ದುರುಗಕ್ಕನನ್ನು ಬೇಡಿಕೊಂಡ. ದುರುಗಕ್ಕ ಅವನಿಗೂ ಒಂದು ಮೊರ ರಾಗಿ ಹಾಕಿಸಿ ಕಳಿಸಿದಳು.

ಹಿಂದಿರುಗುವ ಬಸ್ಸಿನಲ್ಲಿ ಗೀತಮ್ಮನ ಮಡಿಲಲ್ಲಿ ರಾಗಿಯ ಗಂಟಿತ್ತು. ಯಂತ್ರವಿರಲಿಲ್ಲ. ಕೊಟ್ಟೂರಪ್ಪ ಕಿಟಕಿಯಾಚೆ ಕಂತುವ ಹೊತ್ತನ್ನು ನೋಡುತ್ತ ಕುಳಿತಿದ್ದ. ಮೂರು ವರ್ಷದ ಕೆಲಸ ರಾಗಿ ತುಂಬಿಡುವ ವಾಡೆಯ ಪಾಲಾಗಿತ್ತು, ಮೊದಲಿನಿಂದ ಮಾಡಬೇಕು. ಅವಳೊಬ್ಬಳಾದರೂ ನೋಡಬೇಕಿತ್ತು.

"ರೀ," ಎಂದಳು ಗೀತಮ್ಮ, ಬೇರೆಯವರಿಗೆ ಕೇಳದಂತೆ. "ಮುಂದಿನದಕ್ಕೆ ಬಾಲ ಇಷ್ಟು ಉದ್ದ ಇಡ್ರಿ." ಅವನ ಮೊಣಕಾಲಿನ ಮೇಲೆ ಒಂದು ಗೇಣು ಅಳೆದು ತೋರಿಸಿದಳು. "ಹುಣಸೆ ಮರದ ಹಿಂದೆ ತಿರುಗ್ವಾಗ ಬಾಲ ಕರುವಿನಂಗೆ ಅಳ್ಳಾಡ್ತಿತ್ತು."

ಕೊಟ್ಟೂರಪ್ಪ ತಿರುಗಿ ಅವಳನ್ನು ನೋಡಿದ. ಅವಳು ಇನ್ನೊಂದು ಕೈಯಲ್ಲಿ ರಾಗಿಯ ಗಂಟನ್ನು ಹಿಡಿದುಕೊಂಡಿದ್ದಳು. ಅವಳ ಬೆರಳುಗಳು ಇನ್ನೂ ಇದ್ದ ಕಡೆ ಅವನು ತನ್ನ ಗೇಣನ್ನು ಇಟ್ಟು, ಎರಡರ ಅಳತೆ ಸರಿಯಿದೆಯೇ ಎಂದು ನೋಡಿದ.

ಮುಂದಿನ ಸೀಟಿನಿಂದ ದೊಡ್ಡೀರಪ್ಪ ಹೊರಳಿ ಕೇಳಿದ: "ಹಂಗಾದ್ರೆ ನನ್ನ ಮೋಟ್ರು?"

"ಬಾಕಿ ಐತಣ್ಣ," ಎಂದಳು ಗೀತಮ್ಮ.