ನಾನು ನಿಂತೇ ಹೆಣ್ಣು ನೋಡಿದ್ದು

ಕಾಯಿಲೆಗಳಲ್ಲೂ ಮೇಲು ಕೀಳು ಇದೆ ಎಂಬುದು ನನಗೆ ನಲವತ್ತಮೂರನೆಯ ವಯಸ್ಸಿನಲ್ಲಿ ತಿಳಿಯಿತು. ಸಕ್ಕರೆ ಕಾಯಿಲೆಯವರನ್ನು ನೋಡಿ. ಮದುವೆಯ ಊಟದಲ್ಲಿ ಜಿಲೇಬಿಗೆ ಕೈ ಅಡ್ಡ ಹಿಡಿದು "ಶುಗರ್ ಐತ್ರಿ" ಎಂದರೆ ಸಾಕು, ಬಡಿಸುವವನು ಗೌರವದಿಂದ ಮುಂದೆ ಸರಿಯುತ್ತಾನೆ. ಬಿ.ಪಿ. ಇದ್ದವರಿಗೆ ಮನೆಯಲ್ಲಿ ಯಾರೂ ಎದುರು ಮಾತಾಡುವುದಿಲ್ಲ. ಮೊಣಕಾಲು ನೋವಿನವರಿಗೆ ಬಸ್ಸಿನಲ್ಲಿ ಸೀಟು ಸಿಗುತ್ತದೆ. ಹೃದಯದ ಆಪರೇಷನ್ ಆದವರಂತೂ ಕೇಳದಿದ್ದರೂ ಅಂಗಿಯ ಗುಂಡಿ ಬಿಚ್ಚಿ ಹೊಲಿಗೆ ತೋರಿಸುತ್ತಾರೆ. ನನಗೆ ಬಂದದ್ದನ್ನು ತೋರಿಸುವುದಿರಲಿ, ಹೆಸರು ಹೇಳುವುದಕ್ಕೂ ಬಾಯಿ ಬರುವುದಿಲ್ಲ. ಬಳ್ಳಾರಿಯವರಿಗೆ ಕನ್ನಡದ ಜೊತೆಗೆ ತೆಲುಗು, ಒಂದಿಷ್ಟು ಉರ್ದು ಹೇಗೂ ಬರುತ್ತದೆ. ನನಗೆ ಕಾನ್ವೆಂಟಿನ ಇಂಗ್ಲಿಷೂ ಸೇರಿ ನಾಲ್ಕು ಭಾಷೆ. ಆ ಜಾಗದ ಮಾತು ಬಂದ ಕೂಡಲೇ ನಾಲ್ಕರಲ್ಲೂ ಮೂಕಿ.

ತಪ್ಪು ನನ್ನೊಬ್ಬಳದೇ ಅಲ್ಲ. ನಮ್ಮ ಕಾನ್ವೆಂಟಿನಲ್ಲಿ ಮನುಷ್ಯನ ದೇಹ ಬೆಲ್ಟಿನ ಹತ್ತಿರ ಮುಗಿದು ಮತ್ತೆ ಮೊಣಕಾಲಿನ ಹತ್ತಿರ ಶುರುವಾಗುತ್ತಿತ್ತು. ಮಧ್ಯದ್ದೆಲ್ಲ ಬರೀ ಯೂನಿಫಾರಂ. ಜೀರ್ಣಾಂಗಗಳ ಪಾಠ ಮಾಡಿದ ಸಿಸ್ಟರ್ ಒಂದು ತುತ್ತು ಅನ್ನವನ್ನು ಬಾಯಿಂದ ಹೊಟ್ಟೆಗೆ, ಹೊಟ್ಟೆಯಿಂದ ಸಣ್ಣ ಕರುಳಿಗೆ, ಅಲ್ಲಿಂದ ದೊಡ್ಡ ಕರುಳಿಗೆ ಕೈ ಹಿಡಿದು ನಡೆಸಿಕೊಂಡು ಹೋದವರು, "ಉಳಿದದ್ದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಪುಸ್ತಕ ಮುಚ್ಚಿಬಿಟ್ಟಿದ್ದರು. ನಾನು ಓದಿಕೊಳ್ಳಲಿಲ್ಲ. ಅದರ ಪರೀಕ್ಷೆ ಈಗ ದಿನಾ ಬೆಳಿಗ್ಗೆ ನಡೆಯುತ್ತಿತ್ತು.

ಇರಲಿ, ಹೇಳಿಯೇಬಿಡುತ್ತೇನೆ. ಮಲದ್ವಾರದ ಅಂಚಿನಲ್ಲಿ ಒಂದು ಸೀಳು. ಡಾಕ್ಟರುಗಳು ಫಿಶರ್ ಎನ್ನುತ್ತಾರೆ. ಉಗುರಿನ ತುದಿಯಷ್ಟೂ ಇಲ್ಲವಂತೆ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಎರಡು ದಿನಕ್ಕೆ ಕೂಡುತ್ತದೆ. ಇದಕ್ಕೆ ಎಂಟು ತಿಂಗಳಾದರೂ ಕೂಡುವ ಮನಸ್ಸಿಲ್ಲ. ಒಳಗೆ ಹೋದ ಐದು ನಿಮಿಷ ಕತ್ತರಿಸಿದಂತೆ ನೋವು, ಹೊರಗೆ ಬಂದ ಮೇಲೆ ಎರಡು ಗಂಟೆ ಉರಿ. ಆ ಎರಡು ಗಂಟೆ ನಾನು ಮನೆಯ ಎಲ್ಲ ಕೆಲಸವನ್ನೂ ನಿಂತೇ ಮಾಡುತ್ತಿದ್ದೆ. ನಿಂತು ಕಾಫಿ, ನಿಂತು ಪೇಪರು, ನಿಂತು ಹುರುಳಿಕಾಯಿ ಬಿಡಿಸುವುದು. ಅತ್ತೆ ಒಂದು ದಿನ ಕೇಳಿದರು, "ಗಿರಿಜವ್ವಾ, ಏನಾಗೈತಿ ನಿನಗ? ಪೊಲೀಸ್ರಂಗ ನಿಂತಿರ್ತಿಯಲ್ಲ?" ನನ್ನ ಬಾಯಿಂದ ತಾನಾಗಿ ಬಂತು: "ಸೊಂಟ ನೋವು ಅತ್ತಿ." ಸುಳ್ಳು ತೀರಾ ದೊಡ್ಡದಲ್ಲ, ನಾಲ್ಕು ಬೆರಳಿನಷ್ಟು ಮೇಲೆ ಹೇಳಿದ್ದೆ, ಅಷ್ಟೆ. ಆದರೆ ಅತ್ತೆ ಅಂದಿನಿಂದಲೇ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ, ಎಪ್ಪತ್ತು ದಾಟಿದ ಕೈಯಲ್ಲಿ ನನ್ನ ಸೊಂಟ ತಿಕ್ಕತೊಡಗಿದರು. ಮೂರು ತಿಂಗಳು. ನನ್ನ ಸೊಂಟ ಆಗ ಇದ್ದಷ್ಟು ಚೆನ್ನಾಗಿ ಹಿಂದೆಂದೂ ಇರಲಿಲ್ಲ.

ನಿಜ ಗೊತ್ತಿದ್ದದ್ದು ನಮ್ಮವರಿಗೆ ಮಾತ್ರ. ಅವರದು ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ. ಮುಲಾಮು ತಂದರು, ಇಸಬಗೋಲು ತಂದರು, ಬಿಸಿನೀರಿನಲ್ಲಿ ಕೂರಲು ಅಗಲವಾದ ಟಬ್ಬು ತಂದು "ಬಟ್ಟಿ ನೆನಸಾಕ" ಎಂದು ಅತ್ತೆಗೆ ಹೇಳಿದರು. ಕೆಲಸದವಳು ಅದರಲ್ಲಿ ಶ್ರದ್ಧೆಯಿಂದ ಬಟ್ಟೆ ನೆನೆಸಿಡುತ್ತಿದ್ದಳು. ನಾನು ಬೆಳಿಗ್ಗೆ ಕಳ್ಳಿಯಂತೆ ಅದನ್ನು ಖಾಲಿ ಮಾಡುತ್ತಿದ್ದೆ. ಖಾರ ಬಿಟ್ಟೆ. ಬಳ್ಳಾರಿಯಲ್ಲಿ ಖಾರ ಬಿಡುವುದೆಂದರೆ ಊರು ಬಿಟ್ಟ ಹಾಗೆಯೇ. ಏನು ಮಾಡಿದರೂ ಒಂದು ವಾರ ವಾಸಿ, ಮರುವಾರ ಮತ್ತೆ ಅದೇ.

ಕೊನೆಗೆ ಸರ್ಜನ್ ಬಳಿ ಹೋದೆವು. ಹೆಂಗಸು, ಅದೊಂದು ಪುಣ್ಯ. ನೋಡಿ, ಕೈ ತೊಳೆದುಕೊಂಡು ಹೇಳಿದರು, "ಒಳಗಿನ ಸ್ನಾಯು ಬಿಗಿಯಾಗಿ ಹಿಡಕೊಂಡಿದೆ. ಅದಕ್ಕೇ ಅಲ್ಲಿಗೆ ರಕ್ತ ಸರಿಯಾಗಿ ಹೋಗ್ತಿಲ್ಲ, ಗಾಯ ಮಾಯ್ತಿಲ್ಲ. ಸ್ನಾಯೂನ ಒಂಚೂರು ಕತ್ತರಿಸಿ ಸಡಿಲ ಮಾಡಿದ್ರೆ ಆಯ್ತು. ಸಣ್ಣ ಆಪರೇಷನ್." ನಮ್ಮವರ ಮುಖ ಬೆಳಗಿತು. "ಅಂದ್ರ, ನಟ್ಟು ಜಾಸ್ತಿ ಟೈಟ್ ಆಗೈತಿ, ಅರ್ಧ ಸುತ್ತು ಬಿಚ್ಚಬೇಕು ಅಂತೀರಿ." ಡಾಕ್ಟರು ನಕ್ಕು, ಆಮೇಲೆ ನನ್ನ ಕಡೆ ತಿರುಗಿದರು. "ಒಂದು ಮಾತು ಹೇಳಿಬಿಡ್ತೀನಿ. ಕೆಲವರಿಗೆ, ಅದರಲ್ಲೂ ಹೆರಿಗೆ ಆದ ಹೆಂಗಸರಿಗೆ, ಆಪರೇಷನ್ ಆದ ಮೇಲೆ ಗಾಳಿ ತಡೆಯೋದು ಸ್ವಲ್ಪ ಕಷ್ಟ ಆಗಬಹುದು. ಸಾಮಾನ್ಯವಾಗಿ ಕೆಲವು ವಾರ ಅಷ್ಟೆ. ಅಪರೂಪಕ್ಕೆ ಹಾಗೇ ಉಳಿಯೋದೂ ಉಂಟು."

ಬೇರೆಯವರಾಗಿದ್ದರೆ ನೋವಾಗುತ್ತದೆಯೇ, ಎಷ್ಟು ದಿನ ಮಲಗಬೇಕು ಎಂದು ಕೇಳುತ್ತಿದ್ದರು. ನಾನು ಕೇಳಿದೆ, "ಸದ್ದು ಬರುತ್ತದಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಇಷ್ಟು ವರ್ಷದ ಪ್ರಾಕ್ಟೀಸಿನಲ್ಲಿ ಈ ಪ್ರಶ್ನೆ ಅವರಿಗೆ ಬಂದಿರಲಿಲ್ಲವೆಂದು ಕಾಣುತ್ತದೆ. "ಅದನ್ನ ಮೊದಲೇ ಹೇಳಕ್ಕಾಗಲ್ಲಮ್ಮ. ವಿಚಾರ ಮಾಡಿ ಬುಧವಾರದೊಳಗೆ ತಿಳಿಸಿ. ಆ ವಾರ ಕಳೆದರೆ ಒಂದು ತಿಂಗಳು ನಾನು ಊರಲ್ಲಿರಲ್ಲ."

ವಿಚಾರ ಮಾಡಿದೆ. ತಕ್ಕಡಿಯ ಒಂದು ತಟ್ಟೆಯಲ್ಲಿ ದಿನಾ ಎರಡು ಗಂಟೆಯ ಬೆಂಕಿ. ಇನ್ನೊಂದರಲ್ಲಿ, ಹತ್ತು ಜನರ ನಡುವೆ ಒಂದು ಸದ್ದು. ಓದಿದವರು ನಗಬಹುದು, ನನಗೆ ಎರಡನೆಯದೇ ಭಾರವಾಗಿತ್ತು. ಬೆಂಕಿ ನನ್ನೊಬ್ಬಳಿಗೇ ಗೊತ್ತು. ಸದ್ದು ಹಾಗಲ್ಲ. ಶ್ರಾವಣದ ಸೋಮವಾರ ಭಜನೆಯ ಹೆಂಗಸರು ಕಣ್ಣು ಮುಚ್ಚಿ ಕೂತಿರುತ್ತಾರೆ, ಅಲ್ಲಿ ಆದರೆ? ಲಿಫ್ಟಿನಲ್ಲಿ ಆದರೆ? "ಆದ್ರ ಆತು," ಎಂದರು ನಮ್ಮವರು. ಗಂಡಸರಿಗೆ ಈ ವಿಷಯದಲ್ಲಿ ದೇವರು ದೊಡ್ಡ ಧೈರ್ಯ ಕೊಟ್ಟಿದ್ದಾನೆ. ಭಾನುವಾರದ ಹೊತ್ತಿಗೆ ನಾನು ಆಪರೇಷನ್ ಬೇಡವೆಂದೇ ಮುಕ್ಕಾಲು ಪಾಲು ನಿರ್ಧರಿಸಿದ್ದೆ.

ಆ ಭಾನುವಾರ ನಮ್ಮ ಮೈದುನ ವೀರೇಶನಿಗೆ ಹೆಣ್ಣು ನೋಡಲು ಸಿರುಗುಪ್ಪದ ಹತ್ತಿರ ದೇಶನೂರಿಗೆ ಹೋಗುವುದಿತ್ತು. ವೀರೇಶ ಕುರುಗೋಡಿನ ಕಾಲೇಜೊಂದರಲ್ಲಿ ಲೆಕ್ಚರರ್, ವಯಸ್ಸು ಮೂವತ್ತನಾಲ್ಕು. ಅದುವರೆಗೆ ನೋಡಿದ ನಾಲ್ಕು ಸಂಬಂಧಗಳಲ್ಲಿ ನಾವು ಬಿಟ್ಟದ್ದು ಒಂದು, ನಮ್ಮನ್ನು ಬಿಟ್ಟದ್ದು ಮೂರು. ಈ ಹುಡುಗಿ ನೇತ್ರಾವತಿಯ ಜೊತೆ ಆಗಲೇ ಫೋನಿನಲ್ಲಿ ಮಾತಾಡಿ, ಇಬ್ಬರಿಗೂ ಮನಸ್ಸಾಗಿತ್ತು. ಹಿರಿಯರು ಹೋಗಿ ಬರುವ ಶಾಸ್ತ್ರ ಮಾತ್ರ ಬಾಕಿ. ಸಂಬಂಧ ತಂದವರು ಹಚ್ಚೊಳ್ಳಿಯ ಸೋದರಮಾವ. ಅತ್ತೆಯ ತಮ್ಮ, ಹೊಲಗದ್ದೆ ಮಕ್ಕಳಿಗೆ ಒಪ್ಪಿಸಿ ಈಗ ಊರೂರಿನ ಮದುವೆ ಕುದುರಿಸುವ ಮನುಷ್ಯ. ಅತ್ತೆ, ನಮ್ಮವರು, ವೀರೇಶ, ನಾನು ಕಾರಿನಲ್ಲಿ ಹೊರಟು ಅವರನ್ನು ಸಿರುಗುಪ್ಪದಲ್ಲಿ ಹತ್ತಿಸಿಕೊಂಡೆವು. ಬಳ್ಳಾರಿಯಿಂದ ಅಲ್ಲಿಯವರೆಗಿನ ರಸ್ತೆಯಲ್ಲಿ ಎಷ್ಟು ಸ್ಪೀಡ್ ಬ್ರೇಕರುಗಳಿವೆ, ಯಾವುದಕ್ಕೆ ಸುಣ್ಣ ಬಳಿದಿಲ್ಲ ಎಂಬುದನ್ನು ನನ್ನಷ್ಟು ಖಚಿತವಾಗಿ ಇಂಜಿನಿಯರೂ ಹೇಳಲಾರ. ಬೆಳಗಿನ ಪರೀಕ್ಷೆ ಅಂದು ವಿಪರೀತ ಕೆಟ್ಟದಾಗಿತ್ತು. ಕಾರಿನಲ್ಲಿ ಒಂದೇ ತೊಡೆಯ ಮೇಲೆ ಭಾರ ಹಾಕಿ, ಕಿಟಕಿಯ ಹಿಡಿಕೆಗೆ ಜೋತುಬಿದ್ದು ದೇಶನೂರು ಮುಟ್ಟಿದೆ.

ಒಳ್ಳೆಯ ಮನೆ. ಫ್ರಿಜ್ಜಿನ ಹಿಡಿಕೆಗೂ ಕಸೂತಿಯ ಬಟ್ಟೆ ತೊಡಿಸಿದ್ದರು. ಹಾಲಿನ ತುಂಬ ಜಮಖಾನ ಹಾಸಿ, ಎಲ್ಲರೆದುರು ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ, ಶಿರಾ ಇಟ್ಟರು. ನೇತ್ರಾವತಿ ಬಂದು ನಮಸ್ಕಾರ ಮಾಡಿ, ಬೆರಳ ತುದಿಗಳನ್ನು ಸೆರಗಿನ ಮರೆಯಲ್ಲಿ ಊದಿಕೊಂಡಳು. ಮಿರ್ಚಿಯ ಮೆಣಸಿನಕಾಯಿ ಸೀಳಿದವಳು ಅವಳೇ ಇರಬೇಕು. ಉರಿ ಬಲ್ಲವಳಿಗೆ ಉರಿ ತಿಳಿಯುತ್ತದೆ; ಹುಡುಗಿ ನನಗೆ ಆ ಕ್ಷಣವೇ ಹಿಡಿಸಿದಳು. ಆದರೆ ಕೂರಲಾಗಬೇಕಲ್ಲ. ಎಲ್ಲರೂ ಚಕ್ಕಂಬಕ್ಕಳ ಹಾಕಿ ಕೂತರೆ ನಾನು ಕಿಟಕಿಯ ಪಕ್ಕ ಕಂಬದಂತೆ ನಿಂತೆ.

"ಕುಂದರ್ರಿ ಅಕ್ಕಾರ," ಎಂದರು ಹುಡುಗಿಯ ತಾಯಿ.

"ಇರಲಿ ಬಿಡ್ರಿ, ಕಾರಿನಾಗ ಕುಂತು ಕುಂತು ಸಾಕಾಗೈತಿ."

ಕುರ್ಚಿ ತರಿಸಿದರು. ಬೇಡವೆಂದೆ. ತಟ್ಟೆಯನ್ನು ಕೈಗೇ ಕೊಡಲು ಬಂದರು. "ಖಾರ ತಿನ್ನೂದಿಲ್ರಿ" ಎಂದೆ. "ಶಿರಾ ಆದ್ರೂ?" ಹೊಟ್ಟೆಗೆ ಹೋದದ್ದೆಲ್ಲ ಬೆಳಿಗ್ಗೆ ಲೆಕ್ಕ ಕೇಳುತ್ತದೆಂಬ ಹೆದರಿಕೆಯಲ್ಲಿ ಅದನ್ನೂ ಬೇಡವೆಂದೆ. ಕೋಣೆಯಲ್ಲಿ ಮಾತು ಒಂದೊಂದಾಗಿ ನಿಂತಿತು. ಆಗ ನನಗೆ ಹೊಳೆಯಿತು. ನಮ್ಮ ಕಡೆ ಹೆಣ್ಣು ನೋಡಲು ಹೋದ ಗಂಡಿನ ಮನೆಯ ಹಿರಿಸೊಸೆ ಕೂರದೆ, ತಟ್ಟೆ ಮುಟ್ಟದೆ ನಿಂತಳೆಂದರೆ ಅದಕ್ಕೆ ಒಂದೇ ಅರ್ಥ: ಹುಡುಗಿ ಮನಸ್ಸಿಗೆ ಬಂದಿಲ್ಲ, 'ಆಮೇಲೆ ಫೋನ್ ಮಾಡ್ತೀವಿ'. ವೀರೇಶ ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣ ಮುಂದಿದೆ. ನೇತ್ರಾವತಿ ಬೆರಳು ಊದುವುದನ್ನು ನಿಲ್ಲಿಸಿದ್ದಳು. ಅವಳ ತಂದೆ ಮೆಲ್ಲಗೆ ಹೇಳಿದರು, "ನೀವು ಸಿಟಿಯೋರು, ಕಾನ್ವೆಂಟ್ ಓದಿದೋರು. ನಮ್ಮದು ಹಳ್ಳಿ. ಮನಸ್ಸಿಲ್ಲದಿದ್ರ ಬಾಯಿಬಿಟ್ಟು ಹೇಳಿಬಿಡ್ರಿ ತಾಯಿ, ನಾವೇನ್ ತಪ್ಪು ತಿಳ್ಕಳಂಗಿಲ್ಲ." ಸೋದರಮಾವ ಎತ್ತಿದ ಮಿರ್ಚಿಯನ್ನು ಕಚ್ಚದೆ ಹಾಗೇ ಹಿಡಿದುಕೊಂಡಿದ್ದರು.

ನಾನು ಹುಡುಗಿಯ ತಾಯಿಯ ಕೈ ಹಿಡಿದು ಅಡುಗೆಮನೆಗೆ ನಡೆದೆ. "ಹುಡುಗಿ ಬಂಗಾರದಂಥಾಕಿ ಅದಾಳ್ರಿ. ನನಗ ಸೊಂಟ ನೋವು, ಅದಕ್ಕ…" ಆಕೆ ನಂಬಲಿಲ್ಲ. "ಸೊಂಟ ನೋವಿದ್ದೋರು ಗ್ವಾಡಿಗೆ ಒರಗಿ ಕುಂದರ್ತಾರ ಅಕ್ಕಾರ, ಹಿಂಗ ನಿಂದರೂದಿಲ್ಲ. ಖಾರಕ್ಕೂ ಸೊಂಟಕ್ಕೂ ಏನ್ ಸಂಬಂಧ? ಖರೇ ಹೇಳ್ರಿ." ನಾನು ಒಲೆಯ ಕಟ್ಟೆಯನ್ನು ನೋಡುತ್ತ, ಎಂಟು ತಿಂಗಳು ನಾಲ್ಕು ಭಾಷೆಯಲ್ಲೂ ಬಾರದಿದ್ದ ಮಾತನ್ನು ಹೇಳಿದೆ. ಕೆನ್ನೆ ಕಾದ ಬಾಣಲೆಯಂತಾಗಿತ್ತು.

ಆಕೆ ತೀರಾ ಹತ್ತಿರ ಬಂದು ಕೇಳಿದರು, "ಗಾಜಿನ ಚೂರು ಇಟ್ಟಂಗ ಆಕ್ಕೇತೇನ್ರಿ? ಆಮ್ಯಾಲ ಉರೀತೈತಿ, ಹೊತ್ತು ಏರೋತನಕ?"

"ನಿಮಗ ಹೆಂಗ ಗೊತ್ತು?"

"ನಾ ಎರಡು ವರ್ಷ ಸುಟ್ಟುಕೊಂಡು ಸತ್ತೀನಲ್ರಿ! ಕಡೀಗೆ ಆಪರೇಷನ್ ಮಾಡಿಸ್ಕೊಂಡೆ. ಸಣ್ಣದು. ಮೊದಲ ಯಾಕ ಮಾಡಿಸ್ಕಳಿಲ್ಲ ಅನಿಸ್ತು."

ಇಂಥ ಅವಕಾಶ ಮತ್ತೆ ಸಿಗದು. ಬೀಗತಿಯಾಗುವವರನ್ನು ಮೊದಲ ಭೇಟಿಯಲ್ಲಿ ಕೇಳುವ ಪ್ರಶ್ನೆಯಲ್ಲವೆಂದು ಗೊತ್ತಿದ್ದೂ ಕೇಳಿದೆ: "ಮತ್ತೆ… ಗಾಳಿ?"

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಗ್ಗಿ ಬಗ್ಗಿ ನಕ್ಕರು. "ಒಂದೆರಡು ತಿಂಗಳು ಹೇಳ್ದ ಕೇಳ್ದ ಬರೂದ್ರಿ. ನಾ ಹಾಲು ಹಿಂಡೂ ಹೊತ್ತಿನಾಗ ಆದ್ರ ಎಮ್ಮಿ ಮ್ಯಾಲ ಹಾಕ್ತಿದ್ದೆ. ಎಮ್ಮಿ ಏನ್ ಇಲ್ಲ ಅನ್ನೂದಿಲ್ಲ." ನಾನೂ ನಕ್ಕೆ. ಎಂಟು ತಿಂಗಳಲ್ಲಿ ಆ ವಿಷಯಕ್ಕೆ ನಕ್ಕದ್ದು ಅದೇ ಮೊದಲು. ಬುಧವಾರದವರೆಗೆ ಕಾಯುವುದು ಬೇಡ, ಸೋಮವಾರವೇ ಡಾಕ್ಟರಿಗೆ ಹ್ಞೂಂ ಅನ್ನುತ್ತೇನೆ ಎಂದು ಆ ಒಲೆಯ ಮುಂದೆಯೇ ಹೇಳಿಬಿಟ್ಟೆ.

ಗುಟ್ಟು ಅಲ್ಲಿಗೇ ನಿಲ್ಲುತ್ತದೆಂದು ನಾನು ತಿಳಿದಿದ್ದೆ. ಆಕೆ ನೇರ ಹಾಲಿಗೆ ಹೋಗಿ ಗಂಡನಿಗೆ, "ಅಕ್ಕಾರಿಗೆ ಹುಡುಗಿ ಒಪ್ಪಿಗಿ ಐತಿ. ಕುಂದರಾಕ ಆಗವಲ್ದು, ಅಷ್ಟ. ನನಗಾಗಿತ್ತಲ್ಲ, ಅದ ಆಗೈತಿ" ಎಂದು ಗಟ್ಟಿಯಾಗಿ ಹೇಳಿದರು. ಆಮೇಲೆ ಇಡೀ ಕೋಣೆ ವೈದ್ಯರ ಸಭೆಯಾಯಿತು. ಸೋದರಮಾವ ನೆಮ್ಮದಿಯಿಂದ ಮಿರ್ಚಿ ಕಚ್ಚಿ ಸುವರ್ಣಗಡ್ಡೆ ತಿನ್ನಬೇಕೆಂದರು. ಅದು ಮೂಲವ್ಯಾಧಿಗೆ, ಇದು ಬೇರೆ ಎಂದು ಹುಡುಗಿಯ ತಂದೆ ತಿದ್ದಿದರು. ವೀರೇಶ, ನೇತ್ರಾವತಿ ಈ ಗದ್ದಲದಲ್ಲಿ ಒಬ್ಬರನ್ನೊಬ್ಬರು ಮನಸಾರೆ ನೋಡಿಕೊಂಡರು. ಅತ್ತೆ ಮಾತ್ರ ತಮ್ಮ ಅಂಗೈಗಳನ್ನೇ ನೋಡುತ್ತ, "ಮೂರು ತಿಂಗಳು ಸೊಂಟ ತಿಕ್ಕೀನಲ್ಲವ್ವಾ! ಎರಡು ಕೇಜಿ ಎಣ್ಣಿ!" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕಾರಿನಲ್ಲಿ ವಾಪಸ್ಸು ಬರುವಾಗ ತಮ್ಮ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೆಳಗೆ ಹಾಕಿದವರೂ ಅವರೇ.

ಆಪರೇಷನ್ ಅರ್ಧ ಗಂಟೆಯೂ ಹಿಡಿಯಲಿಲ್ಲ. ಮೊದಲ ಕೆಲವು ದಿನ ನೋವಿತ್ತು, ಇಲ್ಲವೆನ್ನಲಾರೆ. ಹತ್ತನೆಯ ದಿನವೋ ಏನೋ, ಬೆಳಿಗ್ಗೆ ಹೊರಗೆ ಬಂದು, ಅಭ್ಯಾಸಬಲದಿಂದ ಕಟ್ಟೆ ಹಿಡಿದು ನಿಂತು ಉರಿಗಾಗಿ ಕಾದೆ. ರದ್ದಾದ ಬಸ್ಸಿಗೆ ಕಾದ ಹಾಗೆ. ಬರಲೇ ಇಲ್ಲ. ಕುರ್ಚಿ ಎಳೆದುಕೊಂಡು ಕೂತು ಕಾಫಿ ಕುಡಿದೆ. ಕೂತು ಕುಡಿದರೆ ಕಾಫಿಯ ರುಚಿಯೇ ಬೇರೆ.

ಐದನೆಯ ವಾರ ನಮ್ಮ ಮನೆಯಲ್ಲೇ ನಿಶ್ಚಿತಾರ್ಥ. ಎಲ್ಲರಿಗಿಂತ ಮೊದಲು ಜಮಖಾನದ ಮೇಲೆ ಚಕ್ಕಂಬಕ್ಕಳ ಹಾಕಿದವಳು ನಾನು. ಬಲಕ್ಕೆ ನಮ್ಮವರು, ಎಡಕ್ಕೆ ಸೋದರಮಾವ, ಎದುರಿಗೆ ಬೀಗರು. ಅಯ್ಯನವರು ಲಗ್ನಪತ್ರಿಕೆ ಓದತೊಡಗಿದರು, ಐವತ್ತು ಜನ ಉಸಿರು ಹಿಡಿದು ಕೇಳುತ್ತಿದ್ದರು. ವರನ ಹೆಸರು ಮುಗಿಸಿ, ವಧುವಿನ ಹೆಸರಿಗೆ ಮುಂಚೆ ಅವರು ಕನ್ನಡಕ ಸರಿಪಡಿಸಿಕೊಳ್ಳಲೆಂದು ನಿಲ್ಲಿಸಿದ ಆ ಒಂದು ಗಳಿಗೆಯಲ್ಲಿ, ಅದು ಆಯಿತು. ಹೇಳದೆ, ಕೇಳದೆ. ದೊಡ್ಡದೇನಲ್ಲ. ಆದರೆ ಸದ್ದು ಬರುತ್ತದಾ ಎಂಬ ನನ್ನ ಪ್ರಶ್ನೆಗೆ ಸ್ಪಷ್ಟವಾದ ಉತ್ತರವಾಗಿತ್ತು.

ಐವತ್ತು ಮುಖಗಳು ನಮ್ಮ ಕಡೆ ತಿರುಗಿದವು. ನಮ್ಮವರು ಸೂರು ನೋಡಿದರು. ಎದುರಿಗೆ ಬೀಗತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನನ್ನ ಬಾಯಿಗೆ ಸತ್ಯ ಬಂದಿತ್ತು, ನಿಜವಾಗಿಯೂ ಬಂದಿತ್ತು. ಅಷ್ಟರಲ್ಲಿ ಸೋದರಮಾವ ಗಂಟಲು ಸರಿಮಾಡಿಕೊಂಡು, "ತಪ್ಪಾತ್ರೆಪಾ," ಎಂದರು. "ನಾಷ್ಟಾಕ ನಾಲ್ಕು ಮಿರ್ಚಿ ತಿಂದೀನಿ. ವಯಸ್ಸಾತು, ಈಗೀಗ ನಮಗ ಗೊತ್ತ ಆಗೂದಿಲ್ಲ." ಎಲ್ಲರೂ ಗೊಳ್ಳೆಂದು ನಕ್ಕರು. ಮಾವ ನನ್ನ ಕಡೆ ಬಗ್ಗಿ, ತೀರಾ ಸಂಕೋಚದಿಂದ, "ಮಗ್ಗಲದಾಗ ಕುಂತಿದ್ದಿ, ಏನೂ ತಿಳ್ಕಬ್ಯಾಡವ್ವಾ" ಎಂದರು.

ನಾನು ಸೆರಗು ಸರಿಮಾಡಿಕೊಂಡೆ. "ಇರಲಿ ಬಿಡ್ರಿ ಮಾವ, ವಯಸ್ಸಾದ ಮ್ಯಾಲ ಎಲ್ಲಾರಿಗೂ ಆಗೂದ," ಎಂದು ಅವರನ್ನು ದೊಡ್ಡ ಮನಸ್ಸಿನಿಂದ ಕ್ಷಮಿಸಿಬಿಟ್ಟೆ.